ತಂತಿಯ ಇನ್ನೊಂದು ತುದಿ

ನನ್ನ ಅಕ್ಕನಿಗೆ ಕಣ್ಣು ಕಾಣುವುದಿಲ್ಲ ಎಂದು ಯಾರಾದರೂ ದನಿ ತಗ್ಗಿಸಿ, ಪಾಪ ಎನ್ನುವ ಹಾಗೆ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು, ನಿಜ. ಆದರೆ ನಾನು ಯಾವ ಜೇಬಿನಲ್ಲಿ ಸಿಗರೇಟು ಇಟ್ಟಿದ್ದೇನೆ, ಯಾವ ಸುಳ್ಳನ್ನು ಯಾವ ರಾಗದಲ್ಲಿ ಹೇಳುತ್ತೇನೆ ಎಂಬುದು ಅವಳಿಗೆ ಗೊತ್ತಾಗುವಷ್ಟು ಎರಡು ಕಣ್ಣಿರುವ ನನ್ನ ಹೆಂಡತಿಗೂ ಗೊತ್ತಾಗುವುದಿಲ್ಲ. ಪಾಪ ಎನ್ನಬೇಕಾದ್ದು ನನ್ನನ್ನು.

ಅಕ್ಕ ಇಪ್ಪತ್ತನಾಲ್ಕು ವರ್ಷ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ನೂರಿಪ್ಪತ್ತು ಕೋಣೆಗಳ ನಂಬರು ಅವಳಿಗೆ ಬಾಯಿಪಾಠ. ಬೋರ್ಡಿನ ಮುಂದೆ ಕೂತು, ಕೇಳಿದವರಿಗೆ ಬೇಕಾದವರನ್ನು ಕೊಡಲು ತಂತಿಯನ್ನು ಇಲ್ಲಿಂದ ಕಿತ್ತು ಅಲ್ಲಿಗೆ ಚುಚ್ಚುವುದೇ ದಿನವಿಡೀ ಕೆಲಸ. ಕಾರ್ಖಾನೆಯವರು ಆ ಬೋರ್ಡನ್ನೇ ಕಿತ್ತುಹಾಕಿ ಯಂತ್ರ ತಂದಾಗ ಅವಳು ಅಳುತ್ತಾ ಕೂರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದು, ತನ್ನಂಥವರಿಗಾಗಿ ಕೇಳುವ ಪುಸ್ತಕಗಳ ಲೈಬ್ರರಿ ತೆರೆದಳು. ಕೆಲಸವಿಲ್ಲದೆ ಓಡಾಡುತ್ತಿದ್ದ ನನ್ನನ್ನು ಎಳೆದು ತಂದು ಮುಂದಿನ ಕೋಣೆಯಲ್ಲಿ ಕೂರಿಸಿದಳು.

ಪುಸ್ತಕ ಓದಿ ರೆಕಾರ್ಡ್ ಮಾಡಲು ಮೊದಲು ಸಿಕ್ಕಿದ್ದು ನಮ್ಮ ಅಮ್ಮ. ರಿಟೈರಾದ ಟೀಚರು, ಎಪ್ಪತ್ತು ದಾಟಿದ್ದರೂ ಕೊನೆಯ ಬೆಂಚಿನವರೆಗೂ ಕೇಳಿಸುವ ಗಂಟಲು. ಶಾಲೆಯ ಭೂಗೋಳದಿಂದ ಹಿಡಿದು ಪತ್ತೇದಾರಿ ಕಾದಂಬರಿಯವರೆಗೆ ತೊಂಬತ್ತೊಂದು ಪುಸ್ತಕ ಓದಿದಳು. ಮಧ್ಯೆ ನಿಲ್ಲಿಸುವುದು, ತಪ್ಪಾದದ್ದನ್ನು ಅಳಿಸುವುದು ಅವಳಿಗೆ ಆಗಿಬರುತ್ತಿರಲಿಲ್ಲ. ಅವಳ ಕೆಮ್ಮು, ಕೆಳಗಿನ ಸೈಕಲ್ ಗಂಟೆ, ನನಗೆ ಬೈದದ್ದು ಎಲ್ಲವೂ ಪಾಠದ ಜೊತೆಗೇ ಉಳಿದಿದೆ. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಅವಳ ದನಿ ಇದ್ದದ್ದು ಒಂದೇ ಕಡೆ, ಒಳಕೋಣೆಯ ಬೀರುವಿನ ಮೇಲಿನ ಕಪ್ಪು ಪೆಟ್ಟಿಗೆಯಲ್ಲಿ.

ಪೆಟ್ಟಿಗೆ ಎಂದರೆ ಬೀಗ ಹಾಕುವಂಥದ್ದಲ್ಲ. ಒಳಗೆ ಎರಡು ಡಿಸ್ಕು, ಹಿಂದೆ ಒಂದು ತಂತಿ. ನಮ್ಮ ಮೂರು ಕಂಪ್ಯೂಟರುಗಳೂ ಆ ತಂತಿಯ ಮೂಲಕ ಅದರೊಳಗಿನ ಪುಸ್ತಕಗಳನ್ನು ತೆಗೆಯುತ್ತವೆ, ಇಡುತ್ತವೆ. ಪ್ರತಿ ತಿಂಗಳ ಒಂದನೇ ತಾರೀಖು ಅದರಲ್ಲಿರುವುದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಡುವುದು ನನ್ನ ಜವಾಬ್ದಾರಿ. ‘ಮಾಡಿದ್ಯಾ?’ ಎಂದು ಅಕ್ಕ ಕೇಳುತ್ತಿದ್ದಳು, ‘ಹೂಂ’ ಎನ್ನುತ್ತಿದ್ದೆ. ಆ ಡಿಸ್ಕು ನನ್ನ ಡ್ರಾಯರಿನಲ್ಲಿ, ಅಂಗಡಿಯಿಂದ ತಂದ ಸೀಲು ಕೂಡ ಒಡೆಯದೆ, ನಾಲ್ಕು ವರ್ಷದಿಂದ ಹಾಯಾಗಿ ಮಲಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಅಕ್ಕ ತನ್ನ ಮಾತಾಡುವ ಕಂಪ್ಯೂಟರಿನ ಮುಂದೆ ಕೂತು ಪೆಟ್ಟಿಗೆಯನ್ನು ತೆರೆಯಲು ಹೋದಳು. ಅಂಥದ್ದು ಯಾವುದೂ ಸಿಗುತ್ತಿಲ್ಲ ಎಂದಿತು ಯಂತ್ರ. ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ. ನನ್ನ ಕಂಪ್ಯೂಟರಿನಲ್ಲೂ ಇಲ್ಲ, ರೆಕಾರ್ಡಿಂಗ್ ಕಂಪ್ಯೂಟರಿನಲ್ಲೂ ಇಲ್ಲ. ಇಂಟರ್ನೆಟ್ ಮಾತ್ರ ಮೂರರಲ್ಲೂ ಕುದುರೆಯ ಹಾಗೆ ಓಡುತ್ತಿತ್ತು. ನನಗೆ ಡ್ರಾಯರಿನ ಕಡೆ ನೋಡಲಿಕ್ಕೂ ಧೈರ್ಯವಾಗಲಿಲ್ಲ.

ಕಂಪ್ಯೂಟರ್ ರಿಪೇರಿಯವನು ಹತ್ತು ಗಂಟೆಗೆ ಬಂದ. ನಮ್ಮ ಬೀದಿಯಲ್ಲಿ ಅವನಿಗೆ ಡಾಕ್ಟರ್ ಎಂದೇ ಹೆಸರು. ಮೂವತ್ತೈದರ ಗಂಭೀರ ಮನುಷ್ಯ, ಮಾತು ಕಡಿಮೆ. ಹೊಸದಾಗಿ ಏನಾದರೂ ಬದಲಾಯಿಸಿದಿರಾ ಎಂದು ಕೇಳಿದ. ಭಾನುವಾರ ಇಂಟರ್ನೆಟ್ಟಿನವರು ಬಂದು ಮುಂದಿನ ಕೋಣೆಯಲ್ಲಿ ಹೊಸ ರೂಟರ್ ಕೂರಿಸಿ ಹೋದರು ಎಂದೆ. ಪೆಟ್ಟಿಗೆಯೂ ಇದಕ್ಕೇ ಸೇರಿದೆಯಾ ಎಂದು ಕೇಳಿದ. ಮತ್ತಿನ್ನೇನು ಎಂದೆ. ಹಳೆಯ ರೂಟರ್ ಎಲ್ಲಿ ಎಂದು ಕೇಳಿದ. ಕಿತ್ತು ಅಟ್ಟಕ್ಕೆ ಹಾಕಿದ್ದೇನೆ ಎಂದೆ. ಅಕ್ಕನಿಗೂ ಹಾಗೇ ಹೇಳಿದ್ದೆ.

ಡಾಕ್ಟರು ಸ್ಟೂಲು ಹತ್ತಿ ಪೆಟ್ಟಿಗೆ ನೋಡಿದ. ಹಸಿರು ದೀಪ ಉರಿಯುತ್ತಿತ್ತು, ತಂತಿಯ ಪಕ್ಕದ ದೀಪವೂ ಮಿಣುಕುತ್ತಿತ್ತು. ಹೊಸ ರೂಟರಿನಿಂದ ಗೋಡೆಯ ತೂತಿನೊಳಗೆ ತಂತಿಗಳು ಹೋಗಿದ್ದನ್ನು ಕಂಡು, ಅದರಲ್ಲೊಂದು ಪೆಟ್ಟಿಗೆಯದು ಎಂದುಕೊಂಡ. ಆಫ್ ಮಾಡಿ ಆನ್ ಮಾಡಿದ. ಪೆಟ್ಟಿಗೆಯ ಹೆಸರು ಹಿಡಿದು ಹುಡುಕಿದ, ನಂಬರು ಹಿಡಿದು ಹುಡುಕಿದ. ಕಂಪ್ಯೂಟರಿನ ಫೈರ್‌ವಾಲ್ ಕಾವಲನ್ನೆಲ್ಲ ಸ್ವಲ್ಪ ಹೊತ್ತು ತೆಗೆದು ನೋಡಿದ. ನಾನು ಅವನ ಬೆನ್ನ ಹಿಂದೆಯೇ ನಿಂತು, ಈಗಿನ ಕಾಲದ ಸಾಮಾನೇ ಇಷ್ಟು, ಈಗಿನವರ ಕೆಲಸವೇ ಇಷ್ಟು ಎಂದು ಗೊಣಗುತ್ತಿದ್ದೆ. ಹೆದರಿದಾಗ ನನಗೆ ಬಾಯಿ ಜಾಸ್ತಿ.

ಹನ್ನೆರಡೂವರೆಗೆ ಅವನು ಸ್ಟೂಲಿನಿಂದ ಇಳಿದು, ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ಕೆಟ್ಟಿದೆ ಎಂದ. ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹೊಸದರ ಹಾಗೆ ಮಾಡಿದರೆ ಕಂಪ್ಯೂಟರುಗಳಿಗೆ ಖಂಡಿತ ಕಾಣುತ್ತದೆ, ಆದರೆ ಒಳಗಿನದು ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದ. ಹೇಗೂ ನಕಲು ಇದೆಯಲ್ಲ ಎಂದು ನನ್ನ ಮುಖ ನೋಡಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲಿರಲಿ, ಜೇಬು, ಕನ್ನಡಕ, ತಲೆ ಎಲ್ಲವನ್ನೂ ಮುಟ್ಟಿ ನೋಡಿಕೊಂಡೆ. ನಕಲು ಇಲ್ಲ ಎಂದೆ. ಅಕ್ಕ ಬೈದಿದ್ದರೆ ಎಷ್ಟೋ ಸುಖವಿತ್ತು. ಪಿನ್ನು ಡಾಕ್ಟರ ಬೆರಳಲ್ಲಿತ್ತು, ಅಮ್ಮ ಆ ತೂತಿನ ಆಚೆ ಇದ್ದಳು.

‘ಸ್ವಲ್ಪ ನಿಲ್ಲಪ್ಪಾ,’ ಎಂದಳು ಅಕ್ಕ. ‘ತಂತಿ ಸರಿ ಇದೆ ಅಂತ ಹೇಗೆ ಹೇಳ್ತೀಯ?’

‘ದೀಪ ಉರೀತಾ ಇದೆ ಮೇಡಂ. ಅಂದ್ರೆ ಕನೆಕ್ಷನ್ ಇದೆ ಅಂತ.’

‘ಯಾರ ಜೊತೆ?’

ಡಾಕ್ಟರು ತಲೆಯೆತ್ತಿ ಮತ್ತೆ ಆ ದೀಪದ ಕಡೆ ನೋಡಿದ.

‘ಇಪ್ಪತ್ತನಾಲ್ಕು ವರ್ಷ ಇದೇ ಕೆಲಸ ಮಾಡಿದೀನಿ,’ ಎಂದಳು. ‘ದೀಪ ಉರಿಯೋದು ಆ ತುದೀಲಿ ಯಾರೋ ಇದ್ದಾರೆ ಅಂತ. ನಮಗೆ ಬೇಕಾದವರೇ ಇದ್ದಾರೆ ಅಂತಲ್ಲ.’

ಅವಳು ಸ್ಟೂಲು ಹತ್ತಿದಳು. ಹಿಡಿದುಕೊಳ್ಳಲು ಹೋದ ನನ್ನನ್ನು ಮೊಣಕೈಯಿಂದ ಆಚೆ ತಳ್ಳಿದಳು. ಪೆಟ್ಟಿಗೆಯ ಹಿಂದೆ ಕೈಹಾಕಿ ತಂತಿಯನ್ನು ಎರಡು ಬೆರಳ ನಡುವೆ ಹಿಡಿದು, ಬೀರುವಿನ ಪಕ್ಕದುದ್ದಕ್ಕೂ ಬೆರಳು ಇಳಿಸಿಕೊಂಡು ಬಂದಳು. ಸ್ಟೂಲಿನಿಂದ ಇಳಿದು ನೆಲದಲ್ಲಿ ಮಂಡಿಯೂರಿದಳು. ಉಳಿದ ತಂತಿಗಳು ಗೋಡೆಯ ತೂತಿನ ಕಡೆ ತಿರುಗಿದಲ್ಲಿ ಇದು ತಿರುಗಲಿಲ್ಲ, ಬೀರುವಿನ ಹಿಂದಿನ ಸಂದಿಗೇ ಹೋಯಿತು. ಅಲ್ಲಿಗೆ ನಮ್ಮ ಯಾರ ಕಣ್ಣೂ ಹೋಗಿರಲಿಲ್ಲ. ಅಕ್ಕ ಭುಜದವರೆಗೂ ಕೈ ತೂರಿಸಿದಳು, ಕೆನ್ನೆ ಬೀರುವಿಗೆ ಒತ್ತಿಕೊಂಡಿತು.

‘ಇಲ್ಲೇನೋ ಬೆಚ್ಚಗಿದೆ,’ ಎಂದಳು.

ನಾನು ನಾಲಿಗೆ ಕಚ್ಚಿಕೊಂಡೆ. ಭಾನುವಾರ ಇಂಟರ್ನೆಟ್ಟಿನವನು ಹಳೆಯ ರೂಟರ್ ತೆಗೆಯಬೇಕು, ಬೀರು ಸರಿಸಿ ಎಂದಿದ್ದ. ಪುಸ್ತಕ ತುಂಬಿದ ಕಬ್ಬಿಣದ ಬೀರು. ನನಗೆ ಸೊಂಟ ನೋವು, ಮೇಲೆ ಹಸಿವು. ಮುಂದಿನ ವಾರ ನಾನೇ ತೆಗೆಯುತ್ತೇನೆ ಬಿಡಪ್ಪಾ ಎಂದು ಅವನನ್ನು ಕಳಿಸಿದ್ದೆ. ಅವನು ಕಿಟಕಿಯಿಂದ ಬೇರೆ ಲೈನು ಎಳೆದು, ಮೂರು ಕಂಪ್ಯೂಟರುಗಳನ್ನೂ ಹೊಸದಕ್ಕೆ ಸೇರಿಸಿ ಹೋದ. ಹಳೆಯ ರೂಟರ್ ಬೀರುವಿನ ಹಿಂದೆ ಹಾಗೇ ಉರಿಯುತ್ತಾ ಕೂತಿತ್ತು, ಪೆಟ್ಟಿಗೆಯ ತಂತಿ ಅದಕ್ಕೇ ಚುಚ್ಚಿಕೊಂಡಿತ್ತು. ಎಲ್ಲರೂ ಹೊಸ ಮನೆಗೆ ಹೋದ ಮೇಲೆ ಇವೆರಡೇ ಹಳೆಯ ಮನೆಯಲ್ಲಿ ದೀಪ ಹಚ್ಚಿಕೊಂಡು ಕಾಯುತ್ತಿದ್ದವು. ಕೆಟ್ಟದ್ದು ಪೆಟ್ಟಿಗೆಯಲ್ಲ.

ಡಾಕ್ಟರು, ನಾನು ಸೇರಿ ಬೀರು ಸರಿಸಿದೆವು. ಸೊಂಟ ನೋವಿನ ಮಾತು ಎತ್ತಲಿಲ್ಲ. ಅವನು ತಂತಿ ಕಿತ್ತು, ಇನ್ನೊಂದಿಷ್ಟು ಉದ್ದ ಕೂಡಿಸಿ ಹೊಸ ರೂಟರಿಗೆ ಚುಚ್ಚಿದ. ಎರಡು ನಿಮಿಷಕ್ಕೆ ಅಕ್ಕನ ಕಂಪ್ಯೂಟರು ಪೆಟ್ಟಿಗೆಯ ಹೆಸರನ್ನು ಗಟ್ಟಿಯಾಗಿ ಹೇಳಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ನಾನು ನಗಲು ನೋಡಿದೆ. ಜೊತೆಗೆ ಯಾರೂ ನಗಲಿಲ್ಲ. ಡಾಕ್ಟರು ಪಿನ್ನನ್ನು ಕೊರಳಪಟ್ಟಿಗೆ ಚುಚ್ಚಿಕೊಂಡು, ಅಕ್ಕ ಕೊಟ್ಟ ಟೀಯನ್ನು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಕುಡಿದ. ಹಳೆಯ ಬೋರ್ಡಿನಲ್ಲಿ ತಪ್ಪು ನಂಬರು ಹೋದರೆ ಹೇಗೆ ಹುಡುಕುತ್ತಿದ್ದಿರಿ ಎಂದು ಕೇಳಿದ. ಅವಳು ಅರ್ಧ ಗಂಟೆ ಹೇಳಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ಬಹಳ ದಿನದ ಮೇಲೆ ನೋಡಿದೆ.

ಅವನು ಹೋದ ಮೇಲೆ ಅಕ್ಕ ನನ್ನನ್ನು ಕರೆದಳು. ಈಗ ಶುರುವಾಗುತ್ತದೆ ಎಂದು ತಲೆ ತಗ್ಗಿಸಿ ಹೋದೆ. ಎಲ್ಲ ಸರಿಯಾಗಿದೆಯಾ ನೋಡಬೇಕು, ಅಮ್ಮ ಓದಿದ ಭೂಗೋಳ ಹಾಕು, ಮೂರನೇ ಪಾಠ, ಹನ್ನೊಂದನೇ ನಿಮಿಷದಿಂದ ಎಂದಳು. ಹಾಕಿದೆ.

‘ಭೂಮಿಯು ತನ್ನ ಅಕ್ಷದ ಮೇಲೆ,’ ಎಂದಳು ಅಮ್ಮ, ಕೊನೆಯ ಬೆಂಚಿನವರೆಗೂ ಕೇಳಿಸುವ ಗಂಟಲಿನಲ್ಲಿ. ಏನೋ ಕರಕರ ಎಂದಿತು. ‘ಲೋ, ಆ ತಂತಿ ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ? ತೆಗಿ ಕೈ.’ ಹಾಳೆ ತಿರುಗಿದ ಸದ್ದು. ‘ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರಿಂದ ಹಗಲು ರಾತ್ರಿ ಉಂಟಾಗುತ್ತವೆ.’

ಅಕ್ಕ ಬಿದ್ದುಬಿದ್ದು ನಕ್ಕಳು. ನನಗೂ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಟ್ಟುಕೊಂಡು ಮುಂದಿನ ಕೋಣೆಗೆ ಹೋದೆ. ಅಮ್ಮ ಒಳಗೆ ಪಾಠ ಮುಂದುವರಿಸಿದ್ದಳು. ಸದ್ದಾಗದ ಹಾಗೆ ಡ್ರಾಯರು ತೆರೆದು, ಡಿಸ್ಕನ್ನು ಹೊರಗೆ ತೆಗೆದು, ಮೇಲಿನ ಪ್ಲಾಸ್ಟಿಕ್ ಹರಿದೆ.

‘ಈಗ ಒಡೀತಿದ್ದೀಯಾ ಸೀಲು?’ ಎಂದು ಕೇಳಿದಳು ಅಕ್ಕ, ಒಳಕೋಣೆಯಿಂದ.

‘ಹೂಂ,’ ಎಂದೆ. ನಾಲ್ಕು ವರ್ಷದಲ್ಲಿ ಆ ಡಿಸ್ಕಿನ ಬಗ್ಗೆ ನಾನು ಹೇಳಿದ ಮೊದಲ ನಿಜವಾದ ಹೂಂ ಅದು.