ಗೌರತ್ತೆ ಬರೆದುಕೊಟ್ಟ ಮುಚ್ಚಳಿಕೆ

ಪಕ್ಕದ ಮನೆಯಲ್ಲಿ ಬೆಳಿಗ್ಗೆಯಿಂದ ಹುರುಳಿ ಬೇಯುತ್ತಿದೆ. ಆ ವಾಸನೆ ಗೋಡೆ ಹತ್ತಿ, ಕಿಟಕಿ ದಾಟಿ, ನಾನು ಪತ್ರಿಕೆ ಓದುವ ಕುರ್ಚಿಯವರೆಗೂ ಬಂದಿದೆ. ಹುರುಳಿ ಸಾರಿನ ವಾಸನೆಗೆ ನಿಮಗೆ ಹಸಿವಾಗಬಹುದು. ನನಗೆ ಜೈಲು ನೆನಪಾಗುತ್ತದೆ. ಗಾಬರಿಯಾಗಬೇಡಿ, ನಾನು ಒಳಗೆ ಹೋಗಿ ಬಂದವನಲ್ಲ. ಒಳಗೆ ಕಳಿಸುವ ಕಾಗದ ಬರೆಯುತ್ತಿದ್ದವನು.

ಆಂಧ್ರ ಬೇರೆ ರಾಜ್ಯವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಮ್ಮ ಕಡೆಯೆಲ್ಲ ಆಗ ಮದರಾಸಿಗೆ ಸೇರಿತ್ತು. ಕಲ್ಯಾಣದುರ್ಗದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾನು ಗುಮಾಸ್ತ. ನನ್ನ ಅಕ್ಷರ ದುಂಡಗಿತ್ತು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಇಂಥವನನ್ನು ಇಷ್ಟು ದಿನ ಸಬ್‌ಜೈಲಿನಲ್ಲಿ ಇಡತಕ್ಕದ್ದು ಎಂದು ವಾರಂಟಿನಲ್ಲಿ ಬರೆಯುವಾಗ, ದಿನಗಳ ಸಂಖ್ಯೆಗಿಂತ ಅದನ್ನು ಬರೆದ ಅಂದವೇ ನನಗೆ ಮುಖ್ಯ. ಊರಿನಲ್ಲಿ ನನಗೆ ಬೇರೆ ಆಸರೆ ಇರಲಿಲ್ಲವಾದ್ದರಿಂದ ಸೋದರತ್ತೆಯ ಮನೆಯಲ್ಲೇ ಊಟ, ವಾಸ. ಅವಳ ಹೆಸರು ಗೌರಮ್ಮ, ನನಗೆ ಗೌರತ್ತೆ. ಮಾವ ತೀರಿಹೋದ ಮೇಲೆ ಸಬ್‌ಜೈಲಿನ ಕೈದಿಗಳಿಗೆ ಎರಡು ಹೊತ್ತು ಅಡುಗೆ ಮಾಡಿ ಹಾಕುವ ಗುತ್ತಿಗೆಯನ್ನು ಅವಳು ಹಿಡಿದಿದ್ದಳು. ಹಣೆತುಂಬ ವಿಭೂತಿ, ಮೊಣಕೈವರೆಗೂ ಹಿಟ್ಟು. ಹೀಗೆ ಅತ್ತೆ ಅಳಿಯ ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೆವು. ನಾನು ಜನರನ್ನು ಒಳಗೆ ಕಳಿಸುವುದು, ಅವಳು ಅವರಿಗೆ ಮುದ್ದೆ, ಹುರುಳಿ ಸಾರು ಕಳಿಸುವುದು.

ಸಾಯಂಕಾಲ ನಾನು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು.

“ಎಷ್ಟು ಜನಾನ ಬರ್ದ್ಯಪ್ಪ ಇವತ್ತು?”

“ಮೂರು ಜನ ಅತ್ತೆ.”

“ಯಾತಕ್ಕೆ?”

ಕಾರಣ ಹೇಳಿದರೆ ‘ಹೂಂ’ ಎನ್ನುವಳು. ಆ ಹೂಂನಲ್ಲಿ ಹಲವು ಬಗೆಯಿತ್ತು. ಸರಿಯಾಯಿತು ಎನ್ನುವ ಹೂಂ ಕೇಳಿದ್ದು ಕಡಿಮೆ.

ಶಿಕ್ಷೆಯ ವಿಷಯದಲ್ಲಿ ಸರ್ಕಾರಗಳು ಕಾಲಕಾಲಕ್ಕೆ ಹೇಗೆ ಮನಸ್ಸು ಬದಲಿಸುತ್ತವೆ ಎನ್ನುವುದನ್ನು ಪಂಡಿತರು ದೊಡ್ಡ ಪುಸ್ತಕಗಳಲ್ಲಿ ಬರೆದಿದ್ದಾರೆ. ನಾನು ಕಲಿತದ್ದು ಗೌರತ್ತೆಯ ಒಲೆಯ ಮುಂದೆ. ಅವಳು ಗುತ್ತಿಗೆ ಹಿಡಿದ ಹೊಸದರಲ್ಲಿ ಒಳಗಿರುತ್ತಿದ್ದವರು ಜೂಜಾಡಿದವರು, ಸರ್ಕಾರಿ ಕಾಡಿನಲ್ಲಿ ಸೌದೆ ಕಡಿದವರು, ಮೇಕೆ ಬಿಟ್ಟವರು. ಸಣ್ಣ ಮಡಕೆ ಸಾಕಾಗುತ್ತಿತ್ತಂತೆ. ಆಮೇಲೆ ಖಾದಿ ಟೋಪಿಯವರು ಬಂದರು. ಅವರು ಭಜನೆ ಮಾಡುವರು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇಂಗ್ಲಿಷಿನಲ್ಲಿ ಅರ್ಜಿ ಬರೆಯುವರು. ಅವರಲ್ಲಿ ಒಬ್ಬರು ಮೇಷ್ಟರು ಕಂಬಿಯ ಆಚೆಯಿಂದಲೇ ನೆಲದ ಮೇಲೆ ಇದ್ದಲಿನಲ್ಲಿ ಬರೆದು ಗೌರತ್ತೆಗೆ ತನ್ನ ಹೆಸರು ಬರೆಯುವುದನ್ನು ಕಲಿಸಿದರು. ಯುದ್ಧ ಬಂತು, ರಾಗಿ ಮೂಟೆಯನ್ನು ಮೈಸೂರು ಗಡಿ ದಾಟಿಸಿದವರು ತುಂಬಿಕೊಂಡರು. ಆ ಬಳಿಕ ಪಾನನಿಷೇಧ ಬಂತು. ಒಳಗಿದ್ದ ಟೋಪಿಯವರು ಕುರ್ಚಿಗೆ ಹೋದರು, ಈಚಲು ಮರ ಹತ್ತುತ್ತಿದ್ದವರು ಒಳಗೆ ಬಂದರು.

“ಸರ್ಕಾರಕ್ಕೆ ಕೋಪ ಬಂದಾಗೆಲ್ಲ ನನ್ನ ಮಡ್ಕೆ ದೊಡ್ಡದಾಯ್ತದೆ ಕಣಪ್ಪ” ಎನ್ನುತ್ತಿದ್ದಳು. “ಕೋಪ ಯಾರ ಮ್ಯಾಲೆ ಅನ್ನೋದು ಮಾತ್ರ ಬದಲಾಯ್ತದೆ.”

ಮಡಕೆ ದೊಡ್ಡದಾದರೆ ಅವಳಿಗೆ ಒಳ್ಳೆಯದೇ ತಾನೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅದಕ್ಕೆ ಅವಳು ಆ ದಿನ ನನಗೆ ಮಜ್ಜಿಗೆ ಬಡಿಸಲಿಲ್ಲ.

ಹೀಗೆ ಬಂದವರಲ್ಲಿ ಹನುಮಂತಪ್ಪ ಎಂಬುವನು ರೊದ್ದಂ ಕಡೆಯವನು. ಹೆಂಡತಿ ಲಕ್ಷ್ಮಕ್ಕನ ತವರು ಕಲ್ಯಾಣದುರ್ಗದ ಹತ್ತಿರದ ಹಳ್ಳಿಯಾದ್ದರಿಂದ ಅಲ್ಲೇ ನೆಲೆಸಿದ್ದ. ತಾತನ ಕಾಲದಿಂದ ಹೆಂಡ ಇಳಿಸುವ ಮನೆತನ. ನಿನ್ನೆಯವರೆಗೆ ಕಸುಬಾಗಿದ್ದದ್ದು ಇವತ್ತು ಅಪರಾಧ ಎಂದು ಡಂಗುರ ಹೊಡೆದು ಹೇಳಿದರೂ ಅವನ ಕಾಲುಗಳಿಗೆ ಅರ್ಥವಾಗಿರಲಿಲ್ಲ. ಮೊದಲ ಸಲ ಒಂದು ವಾರ, ಎರಡನೆಯ ಸಲ ಹದಿನೈದು ದಿನ, ಮೂರನೆಯ ಸಲ ಒಂದು ತಿಂಗಳು. ಎಲ್ಲ ವಾರಂಟುಗಳೂ ನನ್ನ ದುಂಡಕ್ಷರದವೇ. ಪ್ರತಿ ಸಲವೂ ಅವನು ಒಳಗೆ ಸುಮ್ಮನೆ ಗೋಡೆ ನೋಡಿಕೊಂಡು ಕೂತು, ಹೊರಗೆ ಹೋಗಿ, ಮತ್ತೆ ಮರ ಹತ್ತುತ್ತಿದ್ದ. ನಾಲ್ಕನೆಯ ಸಲ ಹಿಡಿದು ತಂದಾಗ, ಈ ಬಾರಿ ಆರು ತಿಂಗಳು, ಬಳ್ಳಾರಿ ಜೈಲು ಖಂಡಿತ ಎಂದು ಕೋರ್ಟಿನಲ್ಲೆಲ್ಲ ಮಾತಾಯಿತು.

ವಿಚಾರಣೆಯ ಹಿಂದಿನ ದಿನ ಗೌರತ್ತೆ ಅವನಿಗೆ ಮುದ್ದೆ ಹಾಕುತ್ತ ಕೇಳಿದಳಂತೆ, “ಬ್ಯಾರೆ ಏನಾದ್ರೂ ಕೆಲ್ಸ ಬತ್ತದೇನೋ ನಿಂಗೆ?”

“ಮರ ಹತ್ತೋದು ಬತ್ತದಮ್ಮ.”

“ಅದು ಗೊತ್ತೈತೆ. ಬ್ಯಾರೆ?”

ಅವನು ಬಹಳ ಹೊತ್ತು ಯೋಚಿಸಿ, “ಮರ ಇಳಿಯೋದು” ಎಂದನಂತೆ.

ಮಾರನೆಯ ದಿನ ಕೋರ್ಟು ಸೇರಿತ್ತು. ಮ್ಯಾಜಿಸ್ಟ್ರೇಟರು ಹೊಸದಾಗಿ ವರ್ಗವಾಗಿ ಬಂದವರು, ಕರಾವಳಿಯ ಕಡೆಯ ತೆಲುಗರು, ತಾಳ್ಮೆಯ ಮನುಷ್ಯ. ಹನುಮಂತಪ್ಪ ತಪ್ಪೊಪ್ಪಿಕೊಂಡ. ನಾನು ಬಳ್ಳಾರಿಯ ವಾರಂಟಿಗೆ ಕಾಗದ ತೆಗೆದಿಟ್ಟುಕೊಂಡೆ. ಆಗ ಬಾಗಿಲ ಹತ್ತಿರ ಗದ್ದಲ. ನೋಡಿದರೆ ನಮ್ಮ ಗೌರತ್ತೆ, ಕೈಯಲ್ಲಿನ ಹಿಟ್ಟನ್ನೂ ತೊಳೆಯದೆ ಜವಾನನನ್ನು ಸರಿಸಿಕೊಂಡು ಬರುತ್ತಿದ್ದಾಳೆ. ನಾನು ಕಡತವನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆದದ್ದೂ ನಾಚಿಕೆಯೇ, ಆದರೆ ಬೇರೆ ಬಗೆಯದು.

“ಏಮಮ್ಮಾ, ಏಮಿ ಕಾವಾಲಿ ನೀಕು?” ಏನು ಬೇಕು ನಿನಗೆ ಎಂದರು ಮ್ಯಾಜಿಸ್ಟ್ರೇಟರು.

ಗೌರತ್ತೆ ತನ್ನ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಶುರು ಮಾಡಿದಳು. “ಸ್ವಾಮಿ, ಇವನಿಗೆ ಮೂರು ಸಲ ನಾನೇ ಉಣ್ಣಕ್ಕಿಕ್ಕಿವ್ನಿ. ಒಳಗೆ ಇವನು ಕಲ್ತಿದ್ದು ಏನೂ ಇಲ್ಲ. ನನ್ನ ಮುದ್ದೆ ತಿಂದು ಮೈ ಬೆಳೆಸ್ಕಂಡು ಇನ್ನೂ ಜೋರಾಗಿ ಮರ ಹತ್ತಾನೆ. ಬಳ್ಳಾರಿಗೆ ಕಳ್ಸಿದ್ರೆ ಅಲ್ಲೂ ಅಷ್ಟೇಯ. ಹಿಂದೂಪುರದ ಮಂಡಿಯವ್ರು ಹುಣಸೆಮರ ಹತ್ತೋರು ಸಿಗ್ತಿಲ್ಲ ಅಂತ ಬಡ್ಕಂತಾ ಅವ್ರೆ. ಒಂದು ವರ್ಷ ಇವನ್ನ ನನ್ನ ಕೈಗೆ ಕೊಡ್ರಿ.”

“ಅವನು ಮತ್ತೆ ಹೆಂಡ ಇಳಿಸಿದರೆ?”

“ನನ್ನ ಜೈಲಿನ ಗುತ್ತಿಗೆ ಕಿತ್ಕಳ್ರಿ.”

ಅದೊಂದೇ ಅವಳ ಜೀವನಾಧಾರ. ಮ್ಯಾಜಿಸ್ಟ್ರೇಟರು ಅವಳ ಕೈಯ ಹಿಟ್ಟನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸನ್ನಡತೆಯ ಮುಚ್ಚಳಿಕೆಯ ಫಾರಂ ಕೇಳಿದರು. ಜೈಲಿಗೆ ಕಳಿಸುವ ಬದಲು ಜಾಮೀನಿನ ಮೇಲೆ ಬಿಟ್ಟು ನಡತೆ ನೋಡುವ ದಾರಿ ಕಾಯಿದೆಯಲ್ಲಿ ಇತ್ತು. ಆದರೆ ನಮ್ಮ ಕಚೇರಿಯಲ್ಲಿ ಆ ಫಾರಂಗಳ ಕಟ್ಟಿಗೆ ಹಾಕಿದ್ದ ದಾರವನ್ನು ಯಾರೂ ಬಿಚ್ಚಿರಲಿಲ್ಲ. ಧೂಳು ಕೊಡವಿ ತಂದೆ. ಎಲ್ಲಿ ಏನು ತುಂಬಬೇಕೆಂದು ತಿಳಿಯದೆ ಎರಡು ಫಾರಂ ಕೆಡಿಸಿದೆ. ಮೂರನೆಯದರ ಕೆಳಗೆ ಗೌರತ್ತೆ, ಹೆಬ್ಬೆಟ್ಟಿಗೆಂದು ಜವಾನ ಮುಂದೆ ಹಿಡಿದ ಮಸಿಯನ್ನು ಬದಿಗೆ ಸರಿಸಿ, ಮೇಷ್ಟರು ಕಲಿಸಿದ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದಳು.

ಹನುಮಂತಪ್ಪ ಹುಣಸೆಮರ ಹತ್ತತೊಡಗಿದ. ಆ ಸುಗ್ಗಿಯಲ್ಲಿ ಅವನನ್ನು ಮೀರಿಸಿದವರಿಲ್ಲವೆಂದು ಮಂಡಿಯಲ್ಲಿ ಹೇಳುತ್ತಿದ್ದರು. ಲಕ್ಷ್ಮಕ್ಕ ಕೆಳಗೆ ಕೂತು ಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಗೌರತ್ತೆಗೆ ಮಾತ್ರ ಒಳಗೊಳಗೇ ಅಳುಕು. ಹೊರಗೆ ಯಾರ ಬೂಟಿನ ಸದ್ದಾದರೂ ಸೌಟು ನಿಲ್ಲುತ್ತಿತ್ತು.

ಅಳುಕಿದಂತೆಯೇ ಆಯಿತು. ಸುಗ್ಗಿ ಮುಗಿದ ಮೇಲೆ ಒಂದು ದಿನ ಕಾನ್‌ಸ್ಟೇಬಲನೊಬ್ಬ ಹನುಮಂತಪ್ಪನನ್ನು ಕೋರ್ಟಿಗೆ ಎಳೆದು ತಂದ. ಈಚಲುಮರದ ಮೇಲೆ, ಕೈಯಲ್ಲಿ ಕತ್ತಿ ಸಮೇತ ಸಿಕ್ಕಿದ್ದನಂತೆ. ಸುದ್ದಿ ಕೇಳಿದ ಗೌರತ್ತೆ ಒಲೆ ಆರಿಸಿ ಬಂದಳು. ಈ ಸಲ ಅವಳು ಕೈ ತೊಳೆದಿದ್ದಳು, ಗುತ್ತಿಗೆ ಒಪ್ಪಿಸಲು ಬಂದವಳಂತೆ. ಅವಳು ಯಾರ ಅಪ್ಪಣೆಗೂ ಕಾಯದೆ ಹನುಮಂತಪ್ಪನ ಎದುರು ನಿಂತಳು.

“ನನ್ನ ಮಕ ನೋಡಿ ಹೇಳ್ಲಾ. ಯಾತಕ್ಕೆ ಹತ್ತಿದ್ದೆ?”

“ಗರಿ ಕುಯ್ಯಕ್ಕಮ್ಮ. ಹುಣಸೆಹಣ್ಣು ಕಟ್ಟಕ್ಕೆ ಈಚಲು ಚಾಪೆ ಬೇಕು ಅಂದ್ರು ಮಂಡಿಯವ್ರು. ಲಕ್ಷ್ಮಿ ಹೆಣೀತಾಳೆ.”

“ಗರಿ ಅಂತ ನೀ ಇವ್ರಿಗೆ ಹೇಳ್ಲಿಲ್ವಾ?”

“ಹೇಳ್ದೆ. ಇವ್ರು ನನ್ನ ಹೆಸ್ರು ಕೇಳಿದ್ರು. ಹೇಳಿದ ಮ್ಯಾಲೆ ಇನ್ನೇನೂ ಕೇಳ್ಲಿಲ್ಲ.”

ಮ್ಯಾಜಿಸ್ಟ್ರೇಟರು ಕಾನ್‌ಸ್ಟೇಬಲನನ್ನು ಕೇಳಿದರು, “ಕುಂಡ ಏದಿ?” ಹೆಂಡದ ಮಡಕೆ ಎಲ್ಲಿ? ಅವನು ತಡಬಡಿಸಿದ. ಮಡಕೆ ಸಿಕ್ಕಿರಲಿಲ್ಲ. ಸಿಕ್ಕಿದ್ದನ್ನೇ ಹಾಜರುಪಡಿಸು ಎಂದಾಗ, ಹೊರಗಿನಿಂದ ಆಳೆತ್ತರದ ಈಚಲು ಗರಿಯ ಹೊರೆಯನ್ನು ತಂದು ಮೇಜಿನ ಮುಂದೆ ಹಾಕಿದ. ಒಂದು ಗರಿಯ ಮುಳ್ಳು ಅವನ ಅಂಗಿಗೇ ಸಿಕ್ಕಿಕೊಂಡು, ಅದನ್ನು ಬಿಡಿಸಲು ಹನುಮಂತಪ್ಪನೇ ಹೋಗಬೇಕಾಯಿತು. ಮ್ಯಾಜಿಸ್ಟ್ರೇಟರು ಕರವಸ್ತ್ರ ತೆಗೆದು ಬಾಯಿಗೆ ಹಿಡಿದುಕೊಂಡರು. ಹನುಮಂತಪ್ಪನನ್ನು ಬಿಟ್ಟು ಕಳಿಸಿದ್ದನ್ನು ನಾನು ನಡಾವಳಿಯಲ್ಲಿ ದಾಖಲಿಸಿದೆ, ಅವರು ನಕ್ಕದ್ದನ್ನು ದಾಖಲಿಸಲಿಲ್ಲ.

ಆಮೇಲೆ ಫಾರಂಗಳ ಕಟ್ಟು ಬೇಗ ಬೇಗ ತೆಳ್ಳಗಾಯಿತು. ಮೊದಲ ಸಲ ಸಿಕ್ಕವರನ್ನು, ಕಸುಬು ತಪ್ಪಿ ಬಂದವರನ್ನು ಮ್ಯಾಜಿಸ್ಟ್ರೇಟರು ಮುಚ್ಚಳಿಕೆಯ ಮೇಲೆ ಬಿಡತೊಡಗಿದರು. ಜಾಮೀನಿಗೆ ಊರಿನ ನೇಯ್ಗೆಯವರು, ಶೆಟ್ಟರು, ಒಬ್ಬಿಬ್ಬರು ಗೌಡರು ಸಂಕೋಚಪಡುತ್ತಲೇ ಮುಂದೆ ಬಂದರು. ಒಬ್ಬ ಹೆಂಗಸು ಧೈರ್ಯ ಮಾಡಿದ ಮೇಲೆ ಹಿಂದೆ ನಿಲ್ಲುವುದು ಅವರಿಗೂ ಕಷ್ಟವಾಗಿರಬೇಕು. ಬಿಟ್ಟವರಲ್ಲಿ ಎಲ್ಲರೂ ಸರಿಹೋದರೆಂದು ಹೇಳಲಾರೆ. ಇಬ್ಬರು ಓಡಿಹೋದರು, ಒಬ್ಬ ತನಗೆ ಜಾಮೀನು ನಿಂತವರ ಕೋಳಿಯನ್ನೇ ಕದ್ದ. ಆದರೂ ಜೈಲು ಬರಿದಾಗುತ್ತ ಬಂತು. ಕೊನೆಗೆ ಒಂದು ದಿನ ಇಡೀ ಸಬ್‌ಜೈಲಿನಲ್ಲಿ ಒಬ್ಬನೇ ಕೈದಿ, ಅವನಿಗೂ ಜ್ವರ, ಗಂಜಿ ಸಾಕು ಎಂದ.

“ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕ್ಕಂಡೆ ಕಣಪ್ಪ” ಎಂದು ಗೌರತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುತ್ತಿಗೆ ಬಿಟ್ಟಳು. ಹಿಂದೂಪುರಕ್ಕೆ ಹೋಗಿ, ಹುಣಸೆ ಮಂಡಿಯ ಎದುರು ಊಟದ ಮನೆ ತೆರೆದಳು. ಹನುಮಂತಪ್ಪನೂ ಲಕ್ಷ್ಮಕ್ಕನೂ ಸುಗ್ಗಿಯ ತಿಂಗಳುಗಳಲ್ಲಿ ಅಲ್ಲೇ ಬಂದು ಇರುತ್ತಿದ್ದರು. ಲೇಪಾಕ್ಷಿಯಿಂದ ಗಾಡಿ ಹೊಡೆದುಕೊಂಡು ಬರುತ್ತಿದ್ದವರು ಅಲ್ಲಿ ಉಂಡು ಕೈ ತೊಳೆಯುವಾಗ, “ಗೌರಮ್ನೋರ ಕೈ ರುಚಿ ನೋಡಕ್ಕೆ ಮುಂಚೆ ಜೈಲಿಗೇ ಹೋಗ್ಬೇಕಿತ್ತು” ಎಂದು ತಮಾಷೆ ಮಾಡುತ್ತಿದ್ದರು. ಅವಳು ಅದನ್ನು ಹೊಗಳಿಕೆಯೆಂದೇ ಇಟ್ಟುಕೊಂಡಳು.

ಅವಳು ತೀರಿಹೋಗಿ ಬಹಳ ಕಾಲವಾಯಿತು. ಮ್ಯಾಜಿಸ್ಟ್ರೇಟರುಗಳು ಬಂದರು, ಹೋದರು. ಬಿಗಿ ಮಾಡಿದವರು, ಸಡಿಲ ಬಿಟ್ಟವರು, ಮತ್ತೆ ಬಿಗಿ ಮಾಡಿದವರು. ನಾನು ಊರೂರು ತಿರುಗಿ, ಸಾವಿರಾರು ಕಾಗದ ಬರೆದು ನಿವೃತ್ತನಾದೆ. ಇಷ್ಟು ಹೇಳಿದ ಮೇಲೆ ಒಂದನ್ನು ಮುಚ್ಚಿಡಬಾರದು. ಅಷ್ಟು ವರ್ಷದ ನೌಕರಿಯಲ್ಲೂ ಆಮೇಲೂ ನಾನು ಒಬ್ಬರಿಗೂ ಜಾಮೀನು ನಿಂತವನಲ್ಲ. ಕೋರ್ಟಿನ ಗುಮಾಸ್ತರಿಗೆ ಏನೇನು ಕೆಡಬಹುದೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಇದನ್ನು ಬರೆಯುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ನಮ್ಮ ಬೀದಿಯ ಸೈಕಲ್ ರಿಪೇರಿಯ ನಾಗರಾಜನ ಹೆಂಡತಿ. ಹೋದ ವಾರ ಅವನು ಜಗಳದಲ್ಲಿ ಒಬ್ಬನ ತಲೆಗೆ ಪಂಪಿನಿಂದ ಹೊಡೆದಿದ್ದ. ಮೊದಲ ತಪ್ಪು, ಯಾರಾದರೂ ಜಾಮೀನು ನಿಂತರೆ ಬಿಡುತ್ತೇನೆ ಎಂದಿದ್ದಾರಂತೆ ಜಡ್ಜರು. ಬೀದಿಯಲ್ಲಿ ಯಾರೂ ಒಪ್ಪಿಲ್ಲ. ನನ್ನನ್ನು ಕೇಳುವ ಧೈರ್ಯವಿಲ್ಲದೆ ಅವಳು ಸೆರಗಿನ ಅಂಚನ್ನು ತಿರುವುತ್ತ ನಿಂತಿದ್ದಳು.

“ನಾಳೆ ಹತ್ತೂವರೆಗೆ ಕೋರ್ಟಿಗೆ ಬತ್ತೀನಿ, ಹೋಗಮ್ಮ” ಎಂದುಬಿಟ್ಟೆ.

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ತಿಳಿಯದು. ಬೈಗುಳಕ್ಕೆ ಸಿದ್ಧನಾದೆ. ಅವಳು ನನ್ನನ್ನು ಹೊಸಬನನ್ನು ನೋಡುವಂತೆ ನೋಡಿ, “ಯಾವ ಅಂಗಿ ಇಸ್ತ್ರಿ ಮಾಡಿಸ್ಲಿ?” ಎಂದಳು.