ಮಸಿಬೊಟ್ಟಿನ ಸಂಘ

ಹುಡುಗನ ಕೈಯಲ್ಲಿ ಮೊಬೈಲ್ ಕಂಡರೆ ಬೈಗುಳ, ಹುಡುಗಿಯ ಕೈಯಲ್ಲಿ ಕಂಡರೆ ಶಾಲೆಯೇ ಬಂದ್. ನಾವು ಹೈಸ್ಕೂಲಿನಲ್ಲಿದ್ದ ದಿನಗಳ ಕಾನೂನು ಅದು.

ತಾಳಿಕೋಟೆ ರಸ್ತೆಯ ಬದಿಯ ನಮ್ಮೂರಲ್ಲಿ ನಾನು ಒಂಬತ್ತನೆಯ ತರಗತಿ ಓದುತ್ತಿದ್ದ ಚಳಿಗಾಲ. ಹೊಲದ ಬದುವಿನಲ್ಲಿ ಸಗಣಿ ಕುಳ್ಳಿನ ಕೆಂಡಕ್ಕೆ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತಿದ್ದೆವು. ಗೆಳತಿ ರೇಣುಕಾ ಬಿಸಿ ತೆನೆ ತಿಕ್ಕಿ, ಹೊಟ್ಟು ಊದಿ, ಕಾಳನ್ನು ನನ್ನ ಬೊಗಸೆಗೆ ಸುರಿಯುವಳು. ಇನ್ನೊಬ್ಬ ಗೆಳತಿ ಕಸ್ತೂರಿ ಅದರ ಮೇಲೆ ಶೇಂಗಾ ಹಿಂಡಿಯ ಪುಡಿ ಉದುರಿಸುವಳು.

ಅಲ್ಲೇ ಸರದಿಯ ಮೇಲೆ ಒಂದು ಕಾದಂಬರಿ ಓದಿದೆವು. ರೇಣುಕಾ ವಿಜಯಪುರದ ಸೋದರಮಾವನ ಮನೆಯಿಂದ ತಂದದ್ದು. ಬೋರ್ಡಿಂಗ್ ಶಾಲೆಯ ಹುಡುಗಿಯರ ಗುಪ್ತಸಂಘ, ದ್ರೋಹ ಮಾಡಿದವಳ ಮೇಲೆ ಸೇಡು, ಕೊನೆಗೆ ಪಾರ್ಟಿ. ನಾವೂ ಸಂಘ ಕಟ್ಟಿದೆವು. ಗುರುತು, ಮಣಿಕಟ್ಟಿನ ಒಳಗೊಂದು ಇದ್ದಿಲ ಮಸಿಬೊಟ್ಟು.

ಅಷ್ಟರಲ್ಲಿ, ರೇಣುಕಾ ಫೋನಿನಲ್ಲಿ ಮಾತಾಡುತ್ತಿದ್ದಳೆಂದು ಯಾರೋ ಅವಳಪ್ಪನ ಕಿವಿಗೆ ಹಾಕಿದರು. ಅವಳಿಗೆ ಏಟು ಬಿದ್ದವು, ಇನ್ನೊಮ್ಮೆ ಕಿವಿಗೆ ಬಿದ್ದರೆ ಶಾಲೆ ಬಂದ್ ಎಂಬ ಎಚ್ಚರಿಕೆಯೂ. ಸಂಘ ಸೇರಿತು.

"ಕ್ಲಾಸ್ ಮಾನಿಟರಽ ಹೇಳ್ಯಾಳ. ಅಕಿಗೆ ಬುದ್ಧಿ ಕಲಸೂಣು," ಎಂದಳು ರೇಣುಕಾ.

"ಅಕೀನಽ ಅನ್ನಾಕ ಸಾಕ್ಷಿ ಏನೈತಿ?" ಎಂದೆ.

"ಏನವಾ ವಕೀಲಬಾಯಿ, ಇಷ್ಟ್ಯಾಕ ವಾದಾ ಮಾಡಾಕತ್ತಿ? ನೀನಽ ಹೇಳಿರಬೇಕು!" ಕಸ್ತೂರಿ ನಕ್ಕಳು. ರೇಣುಕಾ ನಗಲಿಲ್ಲ.

ಮುಂದಿನ ವಾರ ಗಣಿತದ ಅವಧಿಯಲ್ಲಿ ಚೀಲಗಳ ತಪಾಸಣೆ ಬಂತು. ನನ್ನ ಚೀಲದಲ್ಲಿ ಫೋನು! ಗಾಜು ಒಡೆದ ಆ ಫೋನು ಕಸ್ತೂರಿಯ ಅಣ್ಣನದು. ಚೀಲದ ಒಳಮೈಗೆ ಒಂದು ಮಸಿಬೊಟ್ಟು. ಕಾದಂಬರಿಯ ಸಂಘವೂ ಹೀಗೇ ಗುರುತು ಬಿಟ್ಟುಹೋಗುತ್ತಿತ್ತು.

"ನಂದಿದ್ರ ಲಾಕ್ ತಗಿಯಾಕ ನನಗ ಬರಬೇಕಲ್ರಿ, ಸರ್? ಕಸ್ತೂರಿ ಕೈಯಾಗ ಕೊಟ್ಟ ನೋಡ್ರಿ," ಎಂದೆ ಹೆಡ್‌ಮಾಸ್ತರರಿಗೆ.

ಅವರು ದನಿ ಇಳಿಸಿದರು. "ನಿಂದಲ್ಲಂತ ನನಗೂ ಅನಸ್ತೈತಿ, ತಂಗಿ. ಕೆದಕಿದ್ರ ಮೂರೂ ಮಂದಿ ಅಪ್ಪಂದಿರು ಬರ್ತಾರ, ಮೂರೂ ಹುಡಿಗ್ಯಾರನ್ನ ಬಿಡಸ್ತಾರ. ನಾಳಿ ಕ್ಲಾಸಿನ ಮುಂದ ತಪ್ಪಾತು ಅಂದುಬಿಡು. ನಿಮ್ಮ ಮನೀತನಕ ಹೋಗಾಕ ನಾ ಬಿಡಂಗಿಲ್ಲ."

"ಸುಳ್ಳು ಹೇಳಲೇನ್ರಿ?"

"ನಿನಗ ಸಾಲಿ ಬೇಕೋ, ಖರೇ ಬೇಕೋ?"

ಒಂಬತ್ತನೆಯ ತರಗತಿಯ ಹುಡುಗಿಗೆ ಕೇಳುವ ಪ್ರಶ್ನೆಯೇ ಇದು? ಎರಡೇ ದಾರಿಯೆಂದು ತೀರ್ಮಾನಿಸಿದವರು ಯಾರು? ಇಂದು ಯಾವ ಚರ್ಚಾಸ್ಪರ್ಧೆಯಲ್ಲಿ ಈ ಪ್ರಶ್ನೆ ಬಂದರೂ ಹರಿದು ಹಾಕುತ್ತೇನೆ. ಅಂದು ಕಣ್ಣ ಮುಂದಿದ್ದದ್ದು ಫೋನಿನ ಕಾರಣಕ್ಕೇ ಶಾಲೆ ಬಿಟ್ಟು ಹೊಲಕ್ಕೆ ಬುತ್ತಿ ಹೊರುತ್ತಿದ್ದ ನಮ್ಮ ಓಣಿಯ ಹುಡುಗಿ.

"ಫೋನ್ ನಂದಽ ಐತ್ರಿ. ತಪ್ಪಾತ್ರಿ," ಎಂದೆ ಮರುದಿನ ಕ್ಲಾಸಿನ ಮುಂದೆ ನಿಂತು. ನಮ್ಮ ಬೆಂಚಿನಲ್ಲಿ ರೇಣುಕಾ ತನ್ನ ಮಣಿಕಟ್ಟನ್ನು ಲಂಗಕ್ಕೆ ಉಜ್ಜಿಕೊಳ್ಳುತ್ತಿದ್ದಳು.

ಕಳೆದ ಚಳಿಗಾಲ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ರೇಣುಕಾ ಸಿಕ್ಕಳು. ಈಗ ಅವಳು ಟೀಚರು. ಆ ಫೋನಿನ ಮಾತು ತೆಗೆದೆ.

"ಸಣ್ಣವರಿದ್ವಿ, ಬಿಡವಾ. ಪುಸ್ತಕದಾಗ ಹಂಗಽ ಇತ್ತಲ್ಲ!"

ಇತ್ತು. ಪುಸ್ತಕದಲ್ಲಿ ಸೇಡಿಗೆ ಸಿಕ್ಕವಳು ಅಳುತ್ತ ಕಾರು ಹತ್ತಿ ಬೇರೆ ಶಾಲೆಗೆ ಹೋಗುತ್ತಾಳೆ. ಮುಂದೆ ಅವಳ ಹೆಸರೂ ಬರುವುದಿಲ್ಲ, ಓದುವವರಿಗೆ ಪಾರ್ಟಿ ಸಿಗುತ್ತದೆ. ನನಗೆ ಯಾವ ಕಾರೂ ಬರಲಿಲ್ಲ. ಹತ್ತನೆಯ ತರಗತಿ ಮುಗಿಯುವವರೆಗೂ ಅದೇ ಬೆಂಚಿನಲ್ಲಿ ಅವಳ ಪಕ್ಕ ಕೂತೆ. ಅವಳ ಓದು ಉಳಿಸಿದ್ದು ನನ್ನ ಸುಳ್ಳು. ಅವಳಿಗೆ ಅದು ಹುಡುಗಾಟ!

ನಿಲ್ದಾಣದ ಹೊರಗೆ ಸೀತನಿ ಸುಡುತ್ತಿದ್ದರು. ಅವಳು ತೆನೆ ತಿಕ್ಕಿ, ಊದಿ, ಕೈ ಚಾಚಿದಳು. ನಾನು ಬೊಗಸೆ ಒಡ್ಡಲಿಲ್ಲ. ಬೇರೆ ತೆನೆ ಕೊಂಡು ನಾನೇ ತಿಕ್ಕಿದೆ, ಊದಿದೆ. ಅರ್ಧ ಹೊಟ್ಟು ಕಾಳಿನಲ್ಲೇ ಉಳಿಯಿತು. ಆ ಕೆಲಸ ನಾನು ಕಲಿತಿರಲೇ ಇಲ್ಲ, ಯಾವಾಗಲೂ ಅವಳೇ ಮಾಡಿಕೊಡುತ್ತಿದ್ದಳು.