ದೊಡ್ಡಮ್ಮನ ತಪ್ಪಿನ ಪುಸ್ತಕ

ಆ ಸಂಶೋಧನಾಲಯದ ಎರಡನೆಯ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಕೊನೆಯಲ್ಲಿ ಸಿಗುವ ಕೋಣೆಗೆ ಕಿಟಕಿಯಿಲ್ಲ. ಬಾಗಿಲಿನ ಮೇಲೆ ‘ಫ್ಲೋ ಸೈಟೋಮೀಟರ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಹಾಗೆ ಹೇಳುವವರು ಯಾರೂ ಇರಲಿಲ್ಲ. ಎಲ್ಲರೂ “ದೊಡ್ಡಮ್ಮನ ಕೋಣೆಗೆ ಹೋಗಿ ಬರ್ತೀನಿ” ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ದೊಡ್ಡಮ್ಮನಿಗೆ ತಂಗಿಯೇ ಇರಲಿಲ್ಲ. ಆದರೂ ಆರು ಪ್ರಯೋಗಾಲಯಗಳ ಹುಡುಗ ಹುಡುಗಿಯರಿಗೆಲ್ಲ ಅವರು ದೊಡ್ಡಮ್ಮನೇ.

ಮೂವತ್ತೊಂದು ವರ್ಷಗಳ ಹಿಂದೆ ಅವರು ಅಲ್ಲಿ ಸೇರಿದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ತೊಳೆದ ಬಾಟಲಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕಲೆ ಕಂಡರೆ ಮತ್ತೆ ನೀರಿಗೆ. ಹನ್ನೆರಡು ವರ್ಷ ಹೀಗೆ ಕಳೆದ ಮೇಲೆ ಈ ಯಂತ್ರ ಬಂತು. ಅದನ್ನು ಜೋಡಿಸಲು ಬಂದ ಎಂಜಿನಿಯರು ವಾರವಿಡೀ ಪಾಠ ಹೇಳಿದ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಆಕಳಿಸಿ ಎದ್ದುಹೋದರು. ಬಾಟಲಿಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಮಾತ್ರ ಕೊನೆಯವರೆಗೂ ನಿಂತರು. ಆಗ ಮುಖ್ಯಸ್ಥರಾಗಿದ್ದ ಹಿರಿಯ ಮೇಷ್ಟ್ರು ಅದನ್ನು ಗಮನಿಸಿ, ಮರುವಾರ ಕೋಣೆಯ ಬೀಗದ ಕೈಯನ್ನು ಅವರಿಗೇ ಕೊಟ್ಟರು.

ಯಂತ್ರದ ಕೆಲಸ ಹೇಳಲು ಸುಲಭ. ರಕ್ತದ ಜೀವಕೋಶಗಳನ್ನು ತೆಳುವಾದ ನೀರಿನ ಎಳೆಯೊಳಗೆ ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಲೇಸರ್ ಬೆಳಕಿನ ಮುಂದೆ ಹಾಯಿಸುವುದು. ಬೆಳಕಿನ ಮುಂದೆ ಹಾದುಹೋದ ಪ್ರತಿಯೊಂದು ಕೋಶವೂ ಪರದೆಯ ಮೇಲೆ ಒಂದು ಚುಕ್ಕಿಯಾಗುತ್ತದೆ. ಮೇಜಿನ ಕೆಳಗೆ ಎರಡು ಡಬ್ಬಿಗಳಿರುತ್ತವೆ. ಒಂದರಿಂದ ಶುದ್ಧವಾದ ಉಪ್ಪುನೀರು ಮೇಲೆ ಹೋಗುತ್ತದೆ, ಇನ್ನೊಂದಕ್ಕೆ ಕೊಳೆನೀರು ಇಳಿಯುತ್ತದೆ. ಕೊಳೆನೀರಿನ ಡಬ್ಬಿಗೆ ಬೆಳಿಗ್ಗೆಯೇ ಬ್ಲೀಚ್ ಹಾಕಿರಬೇಕು, ಏಕೆಂದರೆ ಯಾರ ರಕ್ತದಲ್ಲಿ ಯಾವ ರೋಗವಿದೆಯೋ ಬಲ್ಲವರಾರು?

ಹೊಸಬರಿಗೆ ದೊಡ್ಡಮ್ಮ ಮೂರು ದಿನ ಬರೀ ನೀರನ್ನು ಹಾಯಿಸಲು ಹೇಳುತ್ತಿದ್ದರು.

“ಬರೀ ನೀರಲ್ಲಿ ನೋಡೋಕೆ ಏನಿರುತ್ತೆ ದೊಡ್ಡಮ್ಮ?”

“ನಿನಗಿಂತ ಮುಂಚೆ ಕೂತೋರು ಏನು ಬಿಟ್ಟುಹೋಗಿದಾರೆ ಅನ್ನೋದು ಇರುತ್ತೆ. ಸುಮ್ನೆ ನೋಡು.”

ನಿಜವೇ. ಚೆನ್ನಾಗಿ ತೊಳೆದ ಯಂತ್ರದಲ್ಲಿ ನೀರು ಹಾಯಿಸಿದರೆ ಪರದೆಯ ಮೇಲೆ ಎಲ್ಲೋ ನಾಲ್ಕು ಚುಕ್ಕಿ. ತೊಳೆಯದೆ ಹೋಗಿದ್ದರೆ ಚುಕ್ಕಿಗಳ ಜಡಿಮಳೆ. ಇನ್ನೊಂದು ಕಟ್ಟುನಿಟ್ಟು ಎಂದರೆ ಎಡಗೈಗೆ ಮಾತ್ರ ನೀಲಿ ಗವಸು. ಗವಸಿನ ಕೈ ಟ್ಯೂಬಿಗೆ, ಬರಿಗೈ ಕೀಲಿಮಣೆಗೆ. ಗವಸಿನ ಕೈ ಅಪ್ಪಿತಪ್ಪಿ ಕೀಲಿಮಣೆ ಮುಟ್ಟಿತೋ, “ಆ ಕೈಲೇ ಹೋಗಿ ಊಟನೂ ಮಾಡು” ಎಂಬ ಮಾತು ತಪ್ಪದೆ ಬೀಳುತ್ತಿತ್ತು.

ಆದರೆ ಆ ಕೋಣೆಗೆ ಹೆಸರು ತಂದದ್ದು ಕಪಾಟಿನ ಮೊಳೆಗೆ ದಾರದಲ್ಲಿ ತೂಗುಹಾಕಿದ್ದ ರಟ್ಟಿನ ಹೊದಿಕೆಯ ಪುಸ್ತಕ. ಅದರ ಮೊದಲ ಸಾಲು ದೊಡ್ಡಮ್ಮನದೇ. ಬೀಗದ ಕೈ ಸಿಕ್ಕ ಮೊದಲ ತಿಂಗಳಲ್ಲೇ ಅವರು ಕೊಳೆನೀರಿನ ಡಬ್ಬಿಗೆ ಬ್ಲೀಚ್ ಹಾಕಲು ಮರೆತಿದ್ದರು. ಮೂರನೆಯ ದಿನ ಕೋಣೆ ನಾರತೊಡಗಿದಾಗ ಮೂಗು ಮುಚ್ಚಿಕೊಂಡು ಹಿರಿಯ ಮೇಷ್ಟ್ರ ಎದುರು ನಿಂತು, “ಕೆಲಸ ಹೋದ್ರೂ ಪರವಾಗಿಲ್ಲ ಸಾರ್, ಮರೆತದ್ದು ನಾನೇ” ಎಂದಿದ್ದರು. ಮೇಷ್ಟ್ರು ಬೈಯಲಿಲ್ಲ. ಹೊಸ ಪುಸ್ತಕವೊಂದನ್ನು ಮುಂದಕ್ಕೆ ತಳ್ಳಿ, “ಇದರಲ್ಲಿ ಬರೆದಿಡಮ್ಮಾ. ನಾಳೆ ಬರೋರು ಓದ್ಲಿ” ಎಂದರು.

ಅಂದಿನಿಂದ ಅದೇ ಪದ್ಧತಿ. ತಪ್ಪು ಮಾಡಿದವರು ತಮ್ಮ ಕೈಯಾರೆ ಒಂದು ಸಾಲು ಬರೆಯಬೇಕು, ಹೆಸರು ಹಾಕಬೇಕಿಲ್ಲ, ಯಾರೆಂದು ಉಳಿದವರು ಕೇಳಬಾರದು. “ಮುಚ್ಚಳ ತೆಗೆಯದೆ ಟ್ಯೂಬು ಇಟ್ಟು ಅರ್ಧ ಗಂಟೆ ಯಂತ್ರವನ್ನು ಬೈದೆ” ಎಂಬಂಥ ಸಾಲೂ ಅಲ್ಲಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ದೊಡ್ಡಮ್ಮನಿಗೆ, ತಾವು ಬಿಟ್ಟುಹೋಗುವ ಆಸ್ತಿ ಏನಾದರೂ ಇದ್ದರೆ ಅದು ಆ ಪುಸ್ತಕವೇ ಎನಿಸಿತ್ತು.

ಹಿರಿಯ ಮೇಷ್ಟ್ರು ಹೋಗಿ ಹೊಸ ಮುಖ್ಯಸ್ಥರು ಬಂದರು. ಕೆಟ್ಟವರಲ್ಲ, ಅಚ್ಚುಕಟ್ಟಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಪುಸ್ತಕವನ್ನು ತಿರುವಿ ಅವರು ಹುಬ್ಬು ಗಂಟಿಕ್ಕಿದರು.

“ಇನ್ನೂರ ಹದಿನಾಲ್ಕು ತಪ್ಪಿದೆಯಲ್ಲಮ್ಮಾ ಇದ್ರಲ್ಲಿ! ಹೊರಗಿನೋರು ನೋಡಿದ್ರೆ ಏನಂದ್ಕೋತಾರೆ?”

“ಇನ್ನೂರ ಹದಿನಾಲ್ಕು ಸಲ ನಿಜ ಹೇಳಿದಾರೆ ಅಂದ್ಕೋತಾರೆ ಸಾರ್.”

ಮುಖ್ಯಸ್ಥರು ನಗಲಿಲ್ಲ. ಮರುದಿನ ಬಾಗಿಲ ಮೇಲೆ ಕಾಗದ ಅಂಟಿತು. ಯಂತ್ರದ ನಿಯಮ ಮೀರಿದವರಿಗೆ ಎರಡು ವಾರ ಪ್ರವೇಶವಿಲ್ಲ. ಮುಂದಿನ ತಿಂಗಳ ಒಂದರಿಂದ ತಪ್ಪಿನ ಪುಸ್ತಕ ಕಚೇರಿಯ ಕಪಾಟಿಗೆ.

ಕಾಗದ ಅಂಟಿದ ಮೇಲೆ ಹನ್ನೊಂದು ದಿನ ಪುಸ್ತಕದಲ್ಲಿ ಒಂದಕ್ಷರ ಬೀಳಲಿಲ್ಲ. ದೊಡ್ಡಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅವರ ಯಜಮಾನರು ಚಹಾ ಆರಿಸಿಕೊಳ್ಳುತ್ತ ಕೂತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು.

“ಅಂದ್ರೆ ಹನ್ನೊಂದು ದಿನದಿಂದ ಎಲ್ಲಾರೂ ಬುದ್ಧಿವಂತರಾಗಿಬಿಟ್ರು ಅನ್ನು.”

“ತಮಾಷೆ ಬೇಡ ರೀ. ನನಗೆ ಭಯ ಆಗ್ತಿದೆ.”

“ತಮಾಷೆ ಅಲ್ಲ ಕಣೇ. ನಮ್ಮ ಡಿಪೋದಲ್ಲೂ ಹೀಗೇ ಆಯ್ತು. ಬ್ರೇಕ್ ಸರಿಯಿಲ್ಲ ಅಂತ ಬರೆದೋನಿಗೇ ಮೆಮೋ ಕೊಡೋಕೆ ಶುರು ಮಾಡಿದ್ರು. ಒಂದು ತಿಂಗಳಲ್ಲಿ ಅಷ್ಟೂ ಬಸ್ಸಿನ ಬ್ರೇಕು ಸರಿಹೋಯ್ತು. ಕಾಗದದ ಮೇಲೆ.”

ಹನ್ನೆರಡನೆಯ ದಿನ ಬೆಳಿಗ್ಗೆ ದೊಡ್ಡಮ್ಮ ಬಾಗಿಲು ತೆರೆದು ಮೊದಲು ನೋಡಿದ್ದು ಯಂತ್ರದ ಹೀರುಗೊಳವೆಯನ್ನು. ಕೊನೆಗೆ ಹೋಗುವವರು ಅದರ ಬಾಯಿ ನೀರು ತುಂಬಿದ ಟ್ಯೂಬಿನಲ್ಲಿ ಅದ್ದಿರುವಂತೆ ಬಿಟ್ಟು ಹೋಗಬೇಕು. ಒಣಗಿದರೆ ಒಳಗಿನ ಉಪ್ಪು ಗಟ್ಟಿಕಟ್ಟುತ್ತದೆ. ಅಂದು ಟ್ಯೂಬೇ ಇರಲಿಲ್ಲ. ನೀರು ಹಾಯಿಸಿದರು. ಪರದೆಯ ತುಂಬ ಚುಕ್ಕಿಗಳ ಮಳೆ. ಹಿಂದಿನ ಸಂಜೆ ಅವರು ಹೋದ ಮೇಲೆ ಯಾರೋ ಬಂದು, ಕೆಲಸ ಮುಗಿಸಿ, ತೊಳೆಯದೆ ಹೋಗಿದ್ದರು. ಕೋಣೆಯ ಬೀಗದ ಕೈ ಐದಾರು ಜನರ ಬಳಿ ಇತ್ತು. ಪುಸ್ತಕ ತೆಗೆದು ನೋಡಿದರು, ಹೊಸ ಸಾಲಿಲ್ಲ. ನಿಟ್ಟುಸಿರು ಬಿಟ್ಟು ಇಪ್ಪತ್ತೈದು ನಿಮಿಷ ತೊಳೆದರು. ಚುಕ್ಕಿಗಳು ತೆಳುವಾದವು.

ಒಂಬತ್ತಕ್ಕೆ ‘ಅವಸರ’ ಬಂದಳು. ಪಿಎಚ್.ಡಿ.ಯ ಮೂರನೆಯ ವರ್ಷದ ಹುಡುಗಿ. ಮೆಟ್ಟಿಲನ್ನು ಎರಡೆರಡಾಗಿ ಹತ್ತುವವಳು, ಎದುರಿಗಿರುವವರ ಮಾತನ್ನು ತಾನೇ ಮುಗಿಸುವವಳು. ಆ ಹೆಸರು ಇಟ್ಟದ್ದು ದೊಡ್ಡಮ್ಮನೇ. ಅಂದು ಅವಳ ಕೈಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ, ಅದರಲ್ಲಿ ಒಂಬತ್ತು ಟ್ಯೂಬು. ಒಂಬತ್ತು ರೋಗಿಗಳ ರಕ್ತದ ಕೋಶಗಳು. ಅವರಿಗೆಲ್ಲ ಅಂದೇ ಮಧ್ಯಾಹ್ನ ಹೊಸ ಔಷಧಿಯ ಮೊದಲ ಸೂಜಿ. ಸೂಜಿ ಬಿದ್ದ ಮೇಲೆ ‘ಔಷಧಿಗೆ ಮುಂಚಿನ ರಕ್ತ’ ಮತ್ತೆ ಸಿಗುವುದಿಲ್ಲ.

ಇಲ್ಲೊಂದು ಮಾತು ಹೇಳಬೇಕು. ರಕ್ತದ ಕೋಶಗಳಿಗೆ ಒಂದು ದ್ರಾವಣ ಹಾಕಿದರೆ ಅವು ಇದ್ದ ಹಾಗೇ ನಿಂತುಬಿಡುತ್ತವೆ, ರೋಗಾಣುಗಳ ಕಾಟವೂ ಬಹುಮಟ್ಟಿಗೆ ತಪ್ಪುತ್ತದೆ. ಅದನ್ನು ‘ಫಿಕ್ಸ್ ಮಾಡುವುದು’ ಎನ್ನುತ್ತಾರೆ. ಫಿಕ್ಸ್ ಮಾಡಿದ್ದನ್ನು ಯಾವ ಹೊತ್ತಿನಲ್ಲಾದರೂ ಹಾಯಿಸಬಹುದು. ಮಾಡದ ಹಸಿ ರಕ್ತಕ್ಕೆ ಸಂಜೆಯ ಕೊನೆಯ ಸರದಿ ಮಾತ್ರ, ಅದೂ ಎರಡೂ ಕೈಗೆ ಗವಸು, ಮೈಗೆ ನಿಲುವಂಗಿ, ಮುಖಕ್ಕೆ ಪಾರದರ್ಶಕ ಕವಚ ತೊಟ್ಟು. ಅವಸರ ಕೊಟ್ಟ ಚೀಟಿಯಲ್ಲಿ ‘ಫಿಕ್ಸ್ ಆಗಿದೆ’ ಎಂಬಲ್ಲಿ ಗುರುತಿತ್ತು. ದೊಡ್ಡಮ್ಮ ಎಂದಿನಂತೆ ಎಡಗೈಗೆ ಗವಸು ಹಾಕಿಕೊಂಡು ಪಕ್ಕದಲ್ಲಿ ಕೂತರು.

ಎರಡು ಟ್ಯೂಬು ಚೆನ್ನಾಗಿ ಹೋದವು. ಮೂರನೆಯದರಲ್ಲಿ ಚುಕ್ಕಿಗಳು ತೊದಲಿದವು, ಆಮೇಲೆ ನಿಂತೇ ಹೋದವು. ಯಂತ್ರದ ಸುಯ್ಯೆನ್ನುವ ಸದ್ದು ಬದಲಾಯಿತು.

“ಕಟ್ಟಿಕೊಳ್ತು. ಕೋಶದ ಗಂಟು ಸೋಸೋಕೆ ಜರಡಿ ಹಿಡಿದಿದ್ದೆ ತಾನೆ?”

“ಹಿಡಿದೆ ದೊಡ್ಡಮ್ಮ. ಅಂದ್ರೆ... ಮೊದಲೆರಡಕ್ಕೆ. ಆಮೇಲೆ ಜರಡಿ ಮುಗಿದುಹೋಯ್ತು, ತರೋಕೆ ಕೆಳಗೆ ಹೋದ್ರೆ ಹೊತ್ತಾಗುತ್ತೆ ಅಂತ...”

“ನಿನಗೆ ಈ ಹೆಸರು ಸುಮ್ನೆ ಇಟ್ಟೆನಾ ನಾನು?”

ದೊಡ್ಡಮ್ಮ ಗವಸಿನ ಕೈಯಿಂದ ಟ್ಯೂಬನ್ನು ಕೆಳಗಿಳಿಸಿದರು. ಹೀರುಗೊಳವೆಯ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಗವಸಿಲ್ಲದ ಬಲಗೈಯಲ್ಲಿ ಮೃದುಕಾಗದ ಮಡಿಸಿ ಅದನ್ನು ಒರೆಸಲು ಮುಂದೆ ಚಾಚಿದರು. ಫಿಕ್ಸ್ ಮಾಡಿದ್ದಾದರೆ ಅವರು ನೂರಾರು ಸಲ ಮಾಡಿದ್ದ ಕೆಲಸ. ಕೈ ಅದರಷ್ಟಕ್ಕೆ ಅದೇ ಹೋಯಿತು.

“ಬೇಡ ದೊಡ್ಡಮ್ಮ! ಕೈ ತೆಗೀರಿ!”

ಹನಿಗೂ ಬೆರಳಿಗೂ ನಾಲ್ಕಂಗುಲ ದೂರದಲ್ಲಿ ಕೈ ನಿಂತಿತು.

“ಅದು ಫಿಕ್ಸ್ ಮಾಡಿದ್ದಲ್ಲ,” ಎಂದಳು ಅವಸರ. “ಹಸಿ ರಕ್ತ. ಚೀಟೀಲಿ ಸುಳ್ಳು ಬರೆದೆ.”

ದೊಡ್ಡಮ್ಮ ಕೈಯನ್ನು ಮೆಲ್ಲನೆ ಹಿಂದೆಗೆದು ಎರಡು ಕ್ಷಣ ಅದನ್ನೇ ನೋಡಿದರು. ಎದ್ದು ಇಬ್ಬರಿಗೂ ನಿಲುವಂಗಿ, ಮುಖಗವಚ, ಎರಡೆರಡು ಗವಸು ತೆಗೆದರು. ತುದಿಯ ಹನಿಯ ಮೇಲೆ ಬ್ಲೀಚ್ ಬಿತ್ತು. ಯಂತ್ರದೊಳಗೆ ಹತ್ತು ನಿಮಿಷ ಬ್ಲೀಚ್, ಆಮೇಲೆ ಹಿಮ್ಮುಖವಾಗಿ ನೀರು, ಮತ್ತೆ ಸಾಬೂನು ದ್ರಾವಣ, ಮತ್ತೆ ನೀರು. ಅಷ್ಟರಲ್ಲಿ ಅವಸರ ಜರಡಿ ತಂದು, ಉಳಿದ ಟ್ಯೂಬುಗಳನ್ನು ಒಂದೊಂದಾಗಿ ಸೋಸಿದಳು. ಅಂದು ಮೊದಲ ಸಲ ಅವಳ ಕೈ ನಿಧಾನವಾಗಿತ್ತು.

“ಸಂಜೆ ಹೊತ್ತಿಗೆ ಇವು ಅರ್ಧ ಸತ್ತುಹೋಗ್ತವೆ ದೊಡ್ಡಮ್ಮ. ಫಿಕ್ಸ್ ಮಾಡಿದ್ರೆ ಕೋಶಗಳಿಗೆ ನನಗೆ ಬೇಕಾದ ಬಣ್ಣ ಹಿಡಿಯಲ್ಲ.”

“ಅದನ್ನೇ ಬಂದು ನನಗೆ ಹೇಳಿದ್ರೆ ಬೆಳಿಗ್ಗೇನೇ ನಿಲುವಂಗಿ ಹಾಕ್ಕೊಂಡು ಕೂರ್ತಿದ್ನಲ್ಲೇ?”

“ಹೇಳಿದ್ರೆ ಬಾಗಿಲ ಮೇಲಿನ ಕಾಗದ ತೋರಿಸ್ತೀರಿ ಅಂದ್ಕೊಂಡೆ.”

“ಮತ್ತೆ ಈಗ ಯಾಕೆ ಹೇಳ್ದೆ?”

ಅವಸರ ತಲೆಯೆತ್ತಲಿಲ್ಲ. “ನಿಮ್ಮ ಕೈ ಕಾಣಿಸ್ತು.”

ನೀರು ಹಾಯಿಸಿದಾಗ ಪರದೆಯ ಮೇಲೆ ಮೂರೇ ಚುಕ್ಕಿ. ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ಎನ್ನುತ್ತಿತ್ತು. ಅವಳ ಸರದಿ ಮುಗಿಯುತ್ತ ಬಂದಿತ್ತು; ಹನ್ನೊಂದರಿಂದ ಒಂದರವರೆಗೆ ಮುಖ್ಯಸ್ಥರ ಸರದಿ. ದೊಡ್ಡಮ್ಮ ಗವಸು ಕಳಚಿ, ಕೈ ತೊಳೆದು, ಪುಸ್ತಕವನ್ನು ಮೊಳೆಯಿಂದ ಇಳಿಸಿದರು.

“ಬರಿ.”

“ಬರೆದ್ರೆ ಎರಡು ವಾರ ಹೊರಗೆ, ದೊಡ್ಡಮ್ಮ. ಟ್ಯೂಬೆಲ್ಲಾ ಚರಂಡಿಗೆ.”

“ಬರೀದೆ ಇದ್ರೆ ನಾಳೆ ಇನ್ಯಾರದೋ ಕೈ. ನೀನು ಬರಿ, ಆಮೇಲೆ ನಾನೂ ಬರೀಬೇಕು.”

ಮುಖ್ಯಸ್ಥರು ತಮ್ಮ ಟ್ಯೂಬುಗಳ ತಟ್ಟೆ ಹಿಡಿದು ಒಳಗೆ ಬಂದಾಗ ಇಬ್ಬರೂ ಹಣೆಯ ಮೇಲಕ್ಕೆ ಕವಚ ಸರಿಸಿಕೊಂಡು ನಿಂತಿದ್ದರು.

“ಇದೇನಮ್ಮಾ ವೇಷ, ಬೆಳಿಗ್ಗೆ ಬೆಳಿಗ್ಗೆ?”

ದೊಡ್ಡಮ್ಮ ಪುಸ್ತಕ ಚಾಚಿದರು. ಅವರು ನಿಂತಲ್ಲೇ ಓದಿದರು. “ಹಸಿ ರಕ್ತವನ್ನು ಫಿಕ್ಸ್ ಆಗಿದೆ ಎಂದು ಬರೆದು ತಂದೆ. ಜರಡಿ ಹಿಡಿಯಲಿಲ್ಲ, ಯಂತ್ರ ಕಟ್ಟಿಕೊಂಡಿತು. ಮೊದಲೇ ಕೇಳಬೇಕಿತ್ತು.” ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ, “ಚೀಟಿಯನ್ನು ನಂಬಿ ಹೀರುಗೊಳವೆಗೆ ಬರಿಗೈ ಚಾಚಿದೆ. ಚೀಟಿ ಏನೇ ಹೇಳಲಿ, ಅಲ್ಲಿಗೆ ಬರಿಗೈ ಹೋಗಕೂಡದು.”

ಮುಖ್ಯಸ್ಥರ ಮುಖ ಗಂಟಾಯಿತು. “ಬಾಗಿಲ ಮೇಲೆ ಏನು ಬರೆದಿದೆ ಓದಿದ್ದೀಯೇನಮ್ಮಾ ನೀನು?”

“ಓದಿದ್ದೀನಿ ಸಾರ್,” ಎಂದಳು ಅವಸರ.

“ಓದಿದ್ದಕ್ಕೇ ಬಚ್ಚಿಟ್ಟಳು ಸಾರ್,” ಎಂದರು ದೊಡ್ಡಮ್ಮ. ದನಿ ಏರಿಸಲಿಲ್ಲ. “ಶಿಕ್ಷೆ ಆಗುತ್ತೆ ಅಂತ ಗೊತ್ತಿದ್ರೂ ಬಾಯಿಬಿಟ್ಟಳು, ನನ್ನ ಕೈ ಉಳೀತು. ಎಲ್ಲಾರೂ ಹಾಗೆ ಬಾಯಿಬಿಡ್ತಾರೆ ಅಂತ ಏನು ಭರವಸೆ?”

“ಯಂತ್ರ ಕಟ್ಟಿಕೊಂಡಿದ್ದು ಇವಳು ಜರಡಿ ಹಿಡೀದೆ ಇದ್ದದ್ದಕ್ಕೆ ತಾನೆ?”

“ಅದೂ ಇದೆ. ಆದ್ರೆ ನಿನ್ನೆ ಸಂಜೆ ಯಾರೋ ತೊಳೀದೆ ಹೋಗಿದ್ರು. ನೀರಿನ ಟ್ಯೂಬೂ ಇಟ್ಟಿರಲಿಲ್ಲ, ಉಪ್ಪು ಒಣಗಿತ್ತು. ನಾನು ತೊಳೆದೆ, ಪೂರ್ತಿ ಬಿಟ್ಟಿತೋ ಇಲ್ವೋ. ಯಾರು ಅಂತ ನಾನು ಕೇಳಲ್ಲ ಸಾರ್. ಕೇಳಬಾರದು ಅನ್ನೋದೇ ಈ ಪುಸ್ತಕದ ಪದ್ಧತಿ.”

ಮುಖ್ಯಸ್ಥರು ಜೇಬಿನ ಪೆನ್ನುಗಳನ್ನು ಸುಮ್ಮನೆ ಸರಿಪಡಿಸಿಕೊಂಡರು. ಮಂಜುಗಡ್ಡೆಯ ಪೆಟ್ಟಿಗೆಯತ್ತ ಒಮ್ಮೆ ನೋಡಿ, ತಮ್ಮ ತಟ್ಟೆಯನ್ನು ಎತ್ತಿಕೊಂಡರು.

“ನಂದು ಫಿಕ್ಸ್ ಆಗಿರೋದು. ನಾಳೆಗಾದ್ರೂ ನಡೆಯುತ್ತೆ. ನನ್ನ ಸರದಿ ಇವಳು ತಗೊಳ್ಳಲಿ.” ಬಾಗಿಲವರೆಗೆ ಹೋಗಿ ತಿರುಗಿದರು. “ಕವಚ ಕೆಳಗಿಳಿಸ್ಕೊಳ್ಳಿ ಇಬ್ಬರೂ.”

ಒಂದು ಗಂಟೆಯೊಳಗೆ ಉಳಿದ ಆರು ಟ್ಯೂಬೂ ಹೋದವು. ಮೂರನೆಯ ಟ್ಯೂಬಿನಲ್ಲಿ ಉಳಿದದ್ದು ಅರ್ಧವೇ. ಅದರಿಂದ ಬಂದ ಚುಕ್ಕಿಗಳೂ ಕಡಿಮೆ. ಆದರೂ ಎಂಟು ರೋಗಿಗಳ ರಕ್ತ ಪೂರ್ತಿಯಾಗಿ ದಾಖಲಾಯಿತು. ಕೊನೆಯ ಟ್ಯೂಬು ಇಳಿಸಿದಾಗ ಅವಸರ ಕವಚದೊಳಗೇ ಅತ್ತಳು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಗವಸು.

“ಅಳೋದಿದ್ರೆ ಮೊದಲು ಯಂತ್ರ ತೊಳಿ,” ಎಂದರು ದೊಡ್ಡಮ್ಮ. “ಆಮೇಲೆ ಹೊರಗೆ ಹೋಗಿ ನೆಮ್ಮದಿಯಾಗಿ ಅಳು.”

ಅವಳು ಅಳುತ್ತಲೇ ನಕ್ಕಳು. ನೀರಿನ ಟ್ಯೂಬು ತುಂಬಿ ಇಟ್ಟು ಹೋದಳು.

ಸಂಜೆ ಐದಕ್ಕೆ ದೊಡ್ಡಮ್ಮ ಕಚೇರಿಗೆ ಚೀಟಿಗಳನ್ನು ಕೊಟ್ಟು ಮರಳಿದಾಗ ಪುಸ್ತಕ ಮೊಳೆಯಲ್ಲಿ ತಿರುವುಮುರುವಾಗಿ ತೂಗುತ್ತಿತ್ತು. ತೆರೆದರು. ತಮ್ಮ ಸಾಲಿನ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಹೊಸ ಸಾಲು.

“ನಿನ್ನೆ ಸಂಜೆ ತೊಳೆಯದೆ ಹೋದವನು ನಾನು. ಫೋನ್ ಬಂತು, ಎದ್ದು ಹೋದೆ, ಮರೆತೆ. ಬೆಳಿಗ್ಗೆ ನೆನಪಾದರೂ ನಾನೇ ಅಂಟಿಸಿದ ಕಾಗದ ಕಂಡು ಹೇಳಲು ನಾಚಿಕೆಯಾಯಿತು.”

ಹೆಸರಿರಲಿಲ್ಲ. ಹಸಿರು ಶಾಯಿ ಇಡೀ ಕಟ್ಟಡದಲ್ಲಿ ಒಬ್ಬರ ಜೇಬಿನಲ್ಲಿ ಮಾತ್ರ ಇತ್ತು. ದೊಡ್ಡಮ್ಮ ಹೊರಗೆ ಬಂದು ಬಾಗಿಲು ನೋಡಿದರು. ಕಾಗದ ಇರಲಿಲ್ಲ, ಅದರ ನಾಲ್ಕು ಮೂಲೆಯ ಅಂಟುಪಟ್ಟಿಗಳಷ್ಟೇ ಉಳಿದಿದ್ದವು. ಅವನ್ನು ಉಗುರಿನಿಂದ ಕೆರೆದು ತೆಗೆದರು.

ಆ ವಾರ ಮುಗಿಯುವುದರೊಳಗೆ ಪುಸ್ತಕದಲ್ಲಿ ಇನ್ನೂ ಏಳು ಸಾಲು ಬಿದ್ದವು. ಬುದ್ಧಿವಂತಿಕೆಯ ಆ ಹನ್ನೊಂದು ದಿನಗಳ ಬಾಕಿ. ಉಳಿದದ್ದು ನಾಲ್ಕೇ ಹಾಳೆ. ದೊಡ್ಡಮ್ಮ ಉಗ್ರಾಣಕ್ಕೆ ಕೋರಿಕೆಯ ಚೀಟಿ ಬರೆದರು: ರಟ್ಟಿನ ಪುಸ್ತಕ, ದಪ್ಪನೆಯದು, ಒಂದು. ಚೀಟಿ ಮುಖ್ಯಸ್ಥರ ಸಹಿಯಾಗಿ ಮರಳಿ ಬಂತು. ‘ಒಂದು’ ಎಂಬುದನ್ನು ಹೊಡೆದು, ಹಸಿರು ಶಾಯಿಯಲ್ಲಿ ‘ಎರಡು’ ಎಂದು ತಿದ್ದಲಾಗಿತ್ತು.